ಉಳಿತಾಯಕ್ಕೆ ಬೆಳ್ಳಿ: ಗಟ್ಟಿ, ನಾಣ್ಯ ಕೊಳ್ಳುವ ಮಲೆನಾಡಿನವರಿಗೊಂದು ಕೈಪಿಡಿ

ಧಾರಣೆ ಕೇಳದೆ ನಮ್ಮಲ್ಲಿ ಯಾರೂ ಮಂಡಿಗೆ ಅಡಿಕೆ ಚೀಲ ಹೊರಡಿಸುವುದಿಲ್ಲ. ಅಡಿಕೆಯ ದರ್ಜೆಗಳಲ್ಲಿ ರಾಶಿ ಇಡಿ ಎಷ್ಟಕ್ಕೆ ಹೋಯಿತು, ಬೆಟ್ಟೆ ಎಷ್ಟು, ಸರಕು ಎಲ್ಲಿ ನಿಂತಿದೆ ಎಂಬುದು ಸಾಗರದಿಂದ ಕೊಪ್ಪದವರೆಗೆ ಎಲ್ಲರ ಬಾಯಲ್ಲೂ ಇರುತ್ತದೆ. ಅದೇ ಮನೆಯವರು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಬೆಳ್ಳಿ ಕೊಳ್ಳುವಾಗ ಗ್ರಾಮಿಗೆ ಇವತ್ತಿನ ಧಾರಣೆ ಎಷ್ಟು ಎಂದು ಕೇಳುವುದು ಕಡಿಮೆ. ‘ಈ ಲಕ್ಷ್ಮಿ ನಾಣ್ಯಕ್ಕೆಷ್ಟು?’ ಎಂದು ಕೇಳುತ್ತಾರೆ, ಹೇಳಿದಷ್ಟು ಕೊಡುತ್ತಾರೆ, ಕೆಂಪು ಡಬ್ಬಿಯಲ್ಲಿ ಹಾಕಿಸಿಕೊಂಡು ಬರುತ್ತಾರೆ.

ಪೂಜೆಗೆ, ಬಾಗಿನಕ್ಕೆ, ನಾಮಕರಣದ ಉಡುಗೊರೆಗೆ ಕೊಳ್ಳುವುದಾದರೆ ಅದರಲ್ಲಿ ತಪ್ಪೇನಿಲ್ಲ. ಅಲ್ಲಿ ಚಂದವೇ ಮುಖ್ಯ. ನಾನು ಬರೆಯುತ್ತಿರುವುದು ಬೇರೆ ಬೆಳ್ಳಿಯ ಬಗ್ಗೆ: ಆಪತ್ತಿಗೆಂದು, ಮಕ್ಕಳ ಓದಿಗೆಂದು, ರೂಪಾಯಿಯ ಬೆಲೆ ಇಳಿದರೂ ಇದೊಂದು ಉಳಿಯಲಿ ಎಂದು ಬೀರುವಿನಲ್ಲಿಡುವ ಬೆಳ್ಳಿ. ಅದನ್ನು ಒಂದು ದಿನ ಮಾರಲೇಬೇಕು. ಆ ದಿನ ಅಂಗಡಿಯವರು ಬೆಲೆ ಕಟ್ಟುವುದು ತೂಕಕ್ಕೆ ಮತ್ತು ಶುದ್ಧತೆಗೆ ಮಾತ್ರ. ಕೊಳ್ಳುವಾಗ ಅದರ ಮೇಲೆ ಕೊಟ್ಟದ್ದೆಲ್ಲ ಕೊಂಡ ದಿನವೇ ಹೋದ ದುಡ್ಡು. ಹೀಗೆ ಹೋಗುವ ದುಡ್ಡನ್ನು ಆದಷ್ಟು ಕಡಿಮೆ ಮಾಡುವುದು, ಕೈಗೆ ಬಂದದ್ದು ನಿಜವಾದ ಬೆಳ್ಳಿಯೇ ಎಂದು ಖಾತ್ರಿ ಮಾಡಿಕೊಳ್ಳುವುದು, ಮುಂದೆ ಹೇಳುವುದೆಲ್ಲ ಈ ಎರಡಕ್ಕೆ ಸಂಬಂಧಿಸಿದ್ದು.

ಮೊದಲು, ಎಷ್ಟು ಹಣ ಇಡಬೇಕೆಂದು ನಿರ್ಧರಿಸಿ

ಬೆಳ್ಳಿ ಚಿನ್ನದಂತಲ್ಲ. ಜಗತ್ತಿನ ಬೆಳ್ಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಾರ್ಖಾನೆಗಳಿಗೆ ಹೋಗುತ್ತದೆ: ಸೌರ ಫಲಕ, ಎಲೆಕ್ಟ್ರಾನಿಕ್ಸ್, ವಾಹನಗಳ ಬಿಡಿಭಾಗ. ಹಾಗಾಗಿ ಉದ್ಯಮ ಏರಿದರೆ ಏರುತ್ತದೆ, ಕುಸಿದರೆ ಕುಸಿಯುತ್ತದೆ. ಪೇಟೆಯೂ ಚಿನ್ನದ್ದಕ್ಕಿಂತ ಬಹಳ ಚಿಕ್ಕದು, ಹಾಗಾಗಿ ಏರಿಳಿತ ದೊಡ್ಡದು. ಅಮೆರಿಕದ ಹಂಟ್ ಸಹೋದರರು ರಾಶಿ ರಾಶಿ ಕೊಂಡು ಕೂಡಿಟ್ಟ ಕಾಲದಲ್ಲಿ, 1980ರ ಜನವರಿಯಲ್ಲಿ, ಒಂದು ಔನ್ಸ್ (31.1 ಗ್ರಾಂ) ಬೆಳ್ಳಿ 50 ಡಾಲರಿನ ಹತ್ತಿರಕ್ಕೆ ಹೋಗಿತ್ತು. ಅದೇ ವರ್ಷ ಮಾರ್ಚ್ 27ರಂದು 11 ಡಾಲರಿಗಿಂತ ಕೆಳಗೆ ಬಿತ್ತು. ಮತ್ತೆ 50ರ ಸನಿಹಕ್ಕೆ ಬಂದದ್ದು 2011ರ ಏಪ್ರಿಲ್‌ನಲ್ಲಿ, ಅಂದರೆ ಮೂವತ್ತು ವರ್ಷದ ಮೇಲೆ. ಆಗ ನಮ್ಮಲ್ಲಿ ಕಿಲೋಗೆ 70 ಸಾವಿರ ದಾಟಿತ್ತು. 2015ರ ಕೊನೆಗೆ ಅದರ ಅರ್ಧಕ್ಕೆ ಬಂತು. 2011ರಲ್ಲಿ ಕೊಂಡವರು ಹಾಕಿದ ದುಡ್ಡು ಮತ್ತೆ ಕಾಣಲು 2020ರವರೆಗೆ ಕಾಯಬೇಕಾಯಿತು. 2025ರಲ್ಲಿ ಇದೇ ಬೆಳ್ಳಿ ಕಿಲೋಗೆ ಒಂದು ಲಕ್ಷ ದಾಟಿ, ವರ್ಷ ಮುಗಿಯುವ ಮೊದಲೇ ಎರಡು ಲಕ್ಷವನ್ನೂ ದಾಟಿತು.

ಈಗ ಎಲ್ಲರೂ ಬೆಳ್ಳಿಯ ಮಾತಾಡುತ್ತಿರುವುದು ಕೊನೆಯ ಆ ಏರಿಕೆಯಿಂದ. ನನಗೆ ಹೆಚ್ಚು ಪಾಠ ಕಾಣುವುದು ಮಧ್ಯದ ಒಂಬತ್ತು ವರ್ಷದಲ್ಲಿ. ಅಷ್ಟು ಕಾಲ ಮುಟ್ಟದೆ ಇಡಬಲ್ಲ ಹಣವನ್ನು ಮಾತ್ರ ಬೆಳ್ಳಿಗೆ ಹಾಕಬೇಕು. ನಮ್ಮ ಕಡೆ ಮನೆಯ ಆದಾಯವೆಲ್ಲ ವರ್ಷಕ್ಕೊಮ್ಮೆ ಬರುವ ಒಂದೇ ಬೆಳೆಯ ಮೇಲೆ ನಿಂತಿರುತ್ತದೆ. ಕೊಳೆರೋಗ ಬಂದರೆ ಒಂದು ವರ್ಷದ ಬೆಳೆ ಹೋಯಿತು. ಎಲೆಚುಕ್ಕಿ ರೋಗ ಹಿಡಿದರೆ ನಾಲ್ಕಾರು ವರ್ಷವೇ ಹೋಗಬಹುದು. ಅಂಥ ಮನೆಗೆ ಮೊದಲು ಬೇಕಾದದ್ದು ವರ್ಷದ ಖರ್ಚು, ಮುಂದಿನ ಮಳೆಗಾಲದ ಬೋರ್ಡೋ ಔಷಧಿ ಮತ್ತು ಮರ ಹತ್ತುವ ಕೊನೆಗೌಡರ ಕೂಲಿ, ಸೊಸೈಟಿ ಸಾಲದ ಕಂತು. ಇವಿಷ್ಟನ್ನು ಬ್ಯಾಂಕಿನಲ್ಲಿಟ್ಟ ಮೇಲೆ ಉಳಿದದ್ದರಲ್ಲಿ ಹತ್ತನೇ ಒಂದು ಪಾಲು ಬೆಳ್ಳಿಗೆ ಸಾಕು ಎಂಬುದು ನನ್ನ ಅಭಿಪ್ರಾಯ. ಬೆಳೆಸಾಲ ತೆಗೆದು ಬೆಳ್ಳಿ ಕೊಳ್ಳುವುದನ್ನು ದಯವಿಟ್ಟು ಮಾಡಬೇಡಿ. ಸಾಲಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ, ಬೆಳ್ಳಿಗೆ ಬಡ್ಡಿ ಇಲ್ಲ.

ಇಡೀ ಮೊತ್ತವನ್ನು ಒಂದೇ ದಿನ ಹಾಕುವುದೂ ಬೇಡ. ಅಡಿಕೆ ದುಡ್ಡು ಕೈಗೆ ಬಂದಾಗೆಲ್ಲ ಸ್ವಲ್ಪ ಸ್ವಲ್ಪವಾಗಿ, ವರ್ಷದಲ್ಲಿ ಮೂರು ನಾಲ್ಕು ಸಲ ಕೊಂಡರೆ ಒಂದೇ ದಿನದ ಏರು ಧಾರಣೆಗೆ ಸಿಕ್ಕಿಬೀಳುವುದಿಲ್ಲ. ದೀಪಾವಳಿ, ಅಕ್ಷಯ ತೃತೀಯದ ವಾರಗಳನ್ನು ಬಿಟ್ಟುಬಿಡಿ. 2025ರ ಅಕ್ಟೋಬರ್‌ನಲ್ಲಿ ಹಬ್ಬದ ಬೇಡಿಕೆಗೆ ದೇಶದಲ್ಲಿ ಬೆಳ್ಳಿಯೇ ಸಾಲದೆ, ಅಂತರರಾಷ್ಟ್ರೀಯ ಬೆಲೆಯ ಮೇಲೆ ಭಾರಿ ಹೆಚ್ಚುವರಿ ಕೊಟ್ಟು ಜನ ಕೊಂಡರು. ಹಬ್ಬ ಮುಗಿದ ಕೂಡಲೇ ಆ ಹೆಚ್ಚುವರಿ ಕರಗಿತು.

ಆಮೇಲೆ, ಧಾರಣೆ ಓದುವುದನ್ನು ಕಲಿಯಿರಿ

ಪತ್ರಿಕೆಯ ಚಿನಿವಾರ ಪೇಟೆಯ ಅಂಕಣದಲ್ಲಿ ಬೆಳ್ಳಿ ಧಾರಣೆ ಕಿಲೋ ಲೆಕ್ಕದಲ್ಲಿರುತ್ತದೆ. ಸಾವಿರದಿಂದ ಭಾಗಿಸಿದರೆ ಗ್ರಾಮಿನದು. ಮೊಬೈಲಿನಲ್ಲಿ ಕಾಣುವ ಎಂಸಿಎಕ್ಸ್ (ಸರಕು ವಿನಿಮಯ ಕೇಂದ್ರ) ಧಾರಣೆಯಲ್ಲಿ ಆಮದು ಸುಂಕ ಸೇರಿರುತ್ತದೆ, ಜಿಎಸ್‌ಟಿ ಸೇರಿರುವುದಿಲ್ಲ. ವಿದೇಶದ ಬೆಲೆ ಡಾಲರಿನಲ್ಲಿ, ಟ್ರಾಯ್ ಔನ್ಸಿಗೆ. ಒಂದು ಟ್ರಾಯ್ ಔನ್ಸ್ ಎಂದರೆ 31.1 ಗ್ರಾಂ. ಅಡುಗೆ ಪುಸ್ತಕದ ಔನ್ಸ್ 28.35 ಗ್ರಾಂ, ಅದು ಬೇರೆ. ನಮ್ಮ ಹಳಬರ ತೊಲ 11.66 ಗ್ರಾಂ. ಈಗ ಕೆಲವು ಅಂಗಡಿಗಳಲ್ಲಿ ಹತ್ತು ಗ್ರಾಮಿಗೇ ತೊಲ ಎನ್ನುವ ರೂಢಿ ಬಂದಿದೆ. ಹಾಗಾಗಿ ತೊಲದ ಲೆಕ್ಕ ಬೇಡ, ಗ್ರಾಮಿನಲ್ಲೇ ಮಾತಾಡಿ.

ಸರಕಾರದ ಸುಂಕ ಬದಲಾದರೂ ಧಾರಣೆ ಒಂದೇ ದಿನದಲ್ಲಿ ಜಿಗಿಯುತ್ತದೆ ಅಥವಾ ಬೀಳುತ್ತದೆ. 2024ರ ಜುಲೈ 23ರ ಬಜೆಟ್ಟಿನಲ್ಲಿ ಚಿನ್ನ, ಬೆಳ್ಳಿಯ ಆಮದು ಸುಂಕ ಶೇ 15ರಿಂದ 6ಕ್ಕೆ ಇಳಿದಾಗ ಅವತ್ತೇ ಪೇಟೆ ಕುಸಿಯಿತು. ಬಜೆಟ್ಟಿನ ಹಿಂದಿನ ವಾರ ದೊಡ್ಡ ಖರೀದಿ ಬೇಡ ಎನ್ನುವುದು ಇದಕ್ಕೇ.

ಈಗ ಅಂಗಡಿಗೆ ಹೋಗಿ. ಕುಳಿತ ಕೂಡಲೇ ಎರಡು ಪ್ರಶ್ನೆ ಒಟ್ಟಿಗೆ ಕೇಳಿ: ‘ಶೇಟ್ರೇ, ಇವತ್ತು ಬೆಳ್ಳಿ ಗಟ್ಟಿ ಕೊಡೋದು ಎಷ್ಟಕ್ಕೆ? ನಾನೇ ತಂದ್ರೆ ನೀವು ತಗೊಳ್ಳೋದು ಎಷ್ಟಕ್ಕೆ?’ ಎರಡನೆಯ ಪ್ರಶ್ನೆಗೆ ನೇರ ಉತ್ತರ ಕೊಡದ ಅಂಗಡಿಯಲ್ಲಿ ಉಳಿತಾಯದ ಬೆಳ್ಳಿ ಕೊಳ್ಳಬೇಡಿ. ಎರಡು ಉತ್ತರಗಳ ನಡುವಿನ ಅಂತರವೇ ನಿಮ್ಮ ನಿಜವಾದ ಖರ್ಚು. ಇದನ್ನು ಒಂದು ಲೆಕ್ಕದಲ್ಲಿ ನೋಡೋಣ.

ಸುಲಭವಾಗಲಿ ಎಂದು ಗ್ರಾಮಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. 100 ಗ್ರಾಮಿನ ಒಂದು ಗಟ್ಟಿ. ಲೋಹದ ಬೆಲೆ 10,000. ಮಜೂರಿ, ಅಂದರೆ ತಯಾರಿಕೆಯ ಕೂಲಿ, ಶೇ 4 ಎಂದರೆ 400. ಒಟ್ಟು 10,400ರ ಮೇಲೆ ಶೇ 3 ಜಿಎಸ್‌ಟಿ 312. ನೀವು ಕೊಟ್ಟದ್ದು 10,712. ಮಾರುವಾಗ ಅಂಗಡಿಯವರು ಶೇ 3 ಹಿಡಿದುಕೊಂಡರೆ, ಅದೇ ಧಾರಣೆಯಲ್ಲಿ ಕೈಗೆ ಬರುವುದು 9,700. ಜಿಎಸ್‌ಟಿ ವಾಪಸ್ ಬರುವುದಿಲ್ಲ. ಅಂದರೆ ಅಸಲು ಹುಟ್ಟಬೇಕಾದರೂ ಧಾರಣೆ ಶೇ 10ಕ್ಕಿಂತ ತುಸು ಹೆಚ್ಚೇ ಏರಬೇಕು.

ಅದೇ ನೂರು ಗ್ರಾಮನ್ನು 10 ಗ್ರಾಮಿನ ಹತ್ತು ನಾಣ್ಯವಾಗಿ ಕೊಂಡು, ನಾಣ್ಯಕ್ಕೆ ಮಜೂರಿ ಶೇ 12 ಬಿದ್ದರೆ ನೀವು ಕೊಡುವುದು 11,536. ವಾಪಸ್ ಸಿಗುವುದು ಮತ್ತೆ 9,700. ಈಗ ಅಸಲಿಗೇ ಶೇ 19ರಷ್ಟು ಏರಬೇಕು. ನಾಣ್ಯಗಳ ಹಿಂದೆ ಲಕ್ಷ್ಮಿಯೋ ಗಣಪತಿಯೋ ಇದ್ದರೆ, ಬಣ್ಣ ತುಂಬಿದ್ದರೆ, ಡಬ್ಬಿ ಚಂದ ಇದ್ದರೆ ಮಜೂರಿ ಇನ್ನೂ ಮೇಲೆ. ಶೇಕಡಾವಾರುಗಳು ಅಂಗಡಿಯಿಂದ ಅಂಗಡಿಗೆ ಬೇರೆ ಇರುತ್ತವೆ. ನಿಮಗೆ ಹೇಳಿದ ಅಂಕಿಗಳನ್ನು ಇದೇ ಕ್ರಮದಲ್ಲಿ ಚೀಟಿಯ ಮೇಲೆ ಬರೆದು ನೋಡಿ. ದುರ್ಗಿಗುಡಿಯಲ್ಲೊಂದು, ಗಾಂಧಿ ಬಜಾರಿನಲ್ಲೊಂದು, ನಿಮ್ಮ ತಾಲ್ಲೂಕು ಪೇಟೆಯಲ್ಲೊಂದು ಅಂಗಡಿ ಕೇಳಿದರೆ ಸಾಕು, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಯಾವ ಆಕಾರದ್ದು ಕೊಳ್ಳಬೇಕು

999 ಎಂದು ಮುದ್ರೆಯಿರುವ, ಸಂಸ್ಕರಣಾಗಾರದ ಹೆಸರು, ತೂಕ ಮತ್ತು ಕ್ರಮಸಂಖ್ಯೆ ಇರುವ ಸಾದಾ ಗಟ್ಟಿ. ಹೆಚ್ಚಿನ ಮನೆಗಳಿಗೆ 100 ಗ್ರಾಮಿನದು ಸರಿಯಾದ ಗಾತ್ರ. ಒಂದು ಕಿಲೋದ ಗಟ್ಟಿಗೆ ಮಜೂರಿ ಕಡಿಮೆ, ನಿಜ. ಆದರೆ ಸ್ವಲ್ಪವೇ ಹಣ ಬೇಕಾದ ದಿನ ಅದರ ತುಂಡು ಕತ್ತರಿಸಿ ಮಾರಲಾಗದು, ಇಡಿಯಾಗಿ ಮಾರಬೇಕು. 10 ಗ್ರಾಮಿನ ನಾಣ್ಯ ಮಾರುವುದು ಸುಲಭ, ಕೊಳ್ಳುವುದು ದುಬಾರಿ. ಒಂದಿಷ್ಟು 100 ಗ್ರಾಮಿನ ಗಟ್ಟಿ, ಜೊತೆಗೆ 50 ಗ್ರಾಮಿನ ಕೆಲವು ನಾಣ್ಯ ಇದ್ದರೆ ಎರಡೂ ಅನುಕೂಲ.

999 ಎಂದರೆ ಸಾವಿರದಲ್ಲಿ 999 ಪಾಲು ಬೆಳ್ಳಿ. 925 ಎಂದರೆ ಸಾವಿರಕ್ಕೆ 75 ಪಾಲು ಬೇರೆ ಲೋಹ, ಸಾಮಾನ್ಯವಾಗಿ ತಾಮ್ರ. ಒಡವೆಗೆ ಗಟ್ಟಿತನ ಬರಲೆಂದು ಸೇರಿಸುತ್ತಾರೆ. ಉಳಿತಾಯಕ್ಕೆ ಅದರ ಅಗತ್ಯವಿಲ್ಲ. ದೀಪ, ತಟ್ಟೆ, ಕುಂಕುಮ ಭರಣಿಗಳನ್ನು ‘ಹೇಗೂ ಬೆಳ್ಳಿಯೇ ತಾನೇ’ ಎಂದು ಉಳಿತಾಯದ ಲೆಕ್ಕಕ್ಕೆ ಸೇರಿಸಬೇಡಿ. ಅವುಗಳ ಶುದ್ಧತೆ ಕಡಿಮೆಯಿರಬಹುದು, ದೀಪದ ಬುಡದಲ್ಲಿ ಅರಗು ತುಂಬಿರಬಹುದು, ಬೆಸುಗೆಯ ತೂಕ ಬೇರೆ.

ಬೆಳ್ಳಿಗೆ ಹಾಲ್‌ಮಾರ್ಕ್ ಎಂಬ ಶುದ್ಧತೆಯ ಮುದ್ರೆ ಇನ್ನೂ ಐಚ್ಛಿಕ, ಚಿನ್ನಕ್ಕಿದ್ದಂತೆ ಕಡ್ಡಾಯವಲ್ಲ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿ ಒಡವೆ, ವಸ್ತುಗಳಿಗೂ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಸಂಖ್ಯೆ ಹಾಕುವ ವ್ಯವಸ್ಥೆ ಬಂದಿದೆ. ಆ ಸಂಖ್ಯೆ ಇದ್ದರೆ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಯಾರು ಪರೀಕ್ಷಿಸಿದರು, ಎಷ್ಟು ಶುದ್ಧ ಎಂಬುದು ಅಲ್ಲೇ ಬರುತ್ತದೆ. ಮುದ್ರೆ ಇಲ್ಲದ ಗಟ್ಟಿಯನ್ನು, ಎಷ್ಟೇ ಪರಿಚಯದವರಾದರೂ, ಪರೀಕ್ಷೆ ಮಾಡಿಸದೆ ಕೊಳ್ಳಬೇಡಿ.

ಸರಕಾರಿ ಟಂಕಸಾಲೆಯ ಸ್ಮರಣಾರ್ಥ ನಾಣ್ಯಗಳು ಸಂಗ್ರಾಹಕರಿಗೆ ಸಂತೋಷ ಕೊಡುವಂಥವು, ಬೆಳ್ಳಿ ಕೂಡಿಡುವವರಿಗಲ್ಲ. 2023ರಲ್ಲಿ ಹೊಸ ಸಂಸತ್ ಭವನದ ಉದ್ಘಾಟನೆಗೆ ಬಂದ 75 ರೂಪಾಯಿ ನಾಣ್ಯದ ತೂಕ 35 ಗ್ರಾಂ. ಅದರಲ್ಲಿ ಬೆಳ್ಳಿ ಅರ್ಧ ಮಾತ್ರ. ಉಳಿದದ್ದು ಶೇ 40 ತಾಮ್ರ, ತಲಾ ಶೇ 5 ನಿಕ್ಕಲ್ ಮತ್ತು ಸತು. ಲೋಹದ ಲೆಕ್ಕಕ್ಕೆ ಅದು ಹದಿನೇಳೂವರೆ ಗ್ರಾಂ ಬೆಳ್ಳಿ.

ಬೀರುವಿನ ಚಿಂತೆಯೇ ಬೇಡ ಎನ್ನುವವರಿಗೆ ಬೆಳ್ಳಿ ಇಟಿಎಫ್, ಅಂದರೆ ಷೇರಿನಂತೆ ಕೊಂಡು ಮಾರುವ ಬೆಳ್ಳಿ ನಿಧಿ, ಇದೆ; 2022ರ ಜನವರಿಯಿಂದ ನಮ್ಮ ದೇಶದಲ್ಲಿ ಸಿಗುತ್ತಿದೆ. ಮಜೂರಿ ಇಲ್ಲ, ಶುದ್ಧತೆಯ ಅನುಮಾನ ಇಲ್ಲ, ಷೇರು ಇಡುವ ಡಿಮ್ಯಾಟ್ ಖಾತೆ ಬೇಕು. ಲಾಭಕ್ಕೆಂದೇ ಹಾಕುವವರಿಗೆ ಅದೇ ಮೇಲು ಎಂದು ನಾನು ಹೇಳುತ್ತೇನೆ. ಕೈಯಲ್ಲಿ ಹಿಡಿಯಬಹುದಾದ ಬೆಳ್ಳಿ ಬೇಕು ಎನ್ನುವವರಿಗಾಗಿ ಮುಂದಿನದು.

ಮನೆಯಲ್ಲೇ ಇರುವ ಹಳೆಯ ರೂಪಾಯಿಗಳು

ಹೊಸದು ಕೊಳ್ಳುವ ಮೊದಲು ಅಜ್ಜಿಯ ಪೆಟ್ಟಿಗೆ, ದೇವರ ಕೋಣೆಯ ಕಲಶ ನೋಡಿ. ಮಲೆನಾಡಿನ ಹಳೆ ಮನೆಗಳಲ್ಲಿ ರಾಣಿ, ರಾಜನ ಮುಖದ ರೂಪಾಯಿಗಳು ಇನ್ನೂ ಇವೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಬಂದು ಮತ್ತೆ ಒಳಗೆ ಹೋಗುತ್ತವೆ. ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಕಾಲದ ಬ್ರಿಟಿಷ್ ಇಂಡಿಯಾ ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ, ಅದರಲ್ಲಿ ಶೇ 91.7 ಬೆಳ್ಳಿ. ಅಂದರೆ ಪ್ರತಿ ನಾಣ್ಯದಲ್ಲೂ 10.69 ಗ್ರಾಂ ಚೊಕ್ಕ ಬೆಳ್ಳಿ. ಎರಡನೇ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವ ಬಂದು, 1940ರಿಂದ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿ ನಿಕ್ಕಲಿನದು, ಬೆಳ್ಳಿಯೇ ಇಲ್ಲ. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಹೀಗಾಗಿ ಇಸವಿ ನೋಡಿ ಮೂರು ಗುಂಪು ಮಾಡಿ. ಅಂಗಡಿಯವರು ಎಲ್ಲವನ್ನೂ ಒಟ್ಟಿಗೆ ತೂಗಿ ಒಂದೇ ಬೆಲೆ ಹೇಳಿದರೆ ಒಪ್ಪಬೇಡಿ.

ಈ ನಾಣ್ಯಗಳನ್ನು ಹುಣಸೆಹುಳಿ, ವಿಭೂತಿ ಹಾಕಿ ಉಜ್ಜಬೇಡಿ. ಕೆಲವು ಇಸವಿಗಳಿಗೆ, ಸವೆಯದ ನಾಣ್ಯಗಳಿಗೆ ಸಂಗ್ರಾಹಕರು ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡುತ್ತಾರೆ. ಉಜ್ಜಿದ ಗುರುತು ಕಂಡರೆ ಆ ಹೆಚ್ಚುವರಿ ಹೋಗುತ್ತದೆ.

ರಾಮ, ಸೀತೆ, ಹನುಮಂತರ ಚಿತ್ರ, 1818ರ ಇಸವಿ, ‘ಈಸ್ಟ್ ಇಂಡಿಯಾ ಕಂಪನಿ’ ಎಂಬ ಬರಹ ಇರುವ ಬಿಲ್ಲೆಗಳು ಕಂಪನಿಯ ನಾಣ್ಯಗಳಲ್ಲ, ಆಮೇಲೆ ಯಾರೋ ಮಾಡಿ ಹರಿಯಬಿಟ್ಟವು. ‘ಪಾಯ ತೆಗೆಯುವಾಗ ನಿಧಿ ಸಿಕ್ಕಿದೆ, ಅರ್ಧ ಬೆಲೆಗೆ ಕೊಡ್ತೇವೆ’ ಎಂದು ಫೋನು ಮಾಡುವವರು ನಮ್ಮ ಸುತ್ತಿನ ಜಿಲ್ಲೆಗಳಲ್ಲಿ ಎಷ್ಟೋ ಮನೆಗಳನ್ನು ಮುಳುಗಿಸಿದ್ದಾರೆ. ಮೊದಲು ಅಸಲಿ ನಾಣ್ಯ ಒಂದೆರಡು ಕೊಟ್ಟು ನಂಬಿಸುತ್ತಾರೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬುದು ಕಾನೂನು; ನಿಜವೇ ಆಗಿದ್ದರೂ ಅದನ್ನು ಗುಟ್ಟಾಗಿ ಕೊಳ್ಳುವುದು ಅಪರಾಧಕ್ಕೆ ಸೇರಿದಂತೆ. ಮಾತು ಮುಂದುವರಿಸದೆ ಪೊಲೀಸರಿಗೆ ತಿಳಿಸಿ.

ಪರೀಕ್ಷೆ: ನೀರು, ದಾರ, ತಕ್ಕಡಿ

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಲ್ಲಿ ನಾನು ಹೆಚ್ಚು ನಂಬುವುದು ನೀರಿನ ಪರೀಕ್ಷೆಯನ್ನು. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.49 ಗ್ರಾಂ. ತಾಮ್ರದ್ದು 8.96, ಸೀಸದ್ದು 11.34, ನೋಡಲು ಬೆಳ್ಳಿಯಂತೆಯೇ ಇರುವ, ಒಂದಿಷ್ಟೂ ಬೆಳ್ಳಿ ಇಲ್ಲದ ಜರ್ಮನ್ ಸಿಲ್ವರಿನದು ಎಂಟೂವರೆಯ ಮೇಲೆ ಸ್ವಲ್ಪ. ಒಂದೇ ತೂಕದ ಗಟ್ಟಿಗಳು ಬೇರೆ ಬೇರೆ ಲೋಹದ್ದಾದರೆ ಬೇರೆ ಬೇರೆ ಜಾಗ ಹಿಡಿಯುತ್ತವೆ. ಆ ಜಾಗವನ್ನೇ ನಾವು ಅಳೆಯುವುದು.

0.1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಮೊದಲು ಗಟ್ಟಿಯನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ. ಒಂದು ಲೋಟದಲ್ಲಿ ಮುಕ್ಕಾಲು ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಗಟ್ಟಿಗೆ ತೆಳ್ಳಗಿನ ದಾರ ಕಟ್ಟಿ, ದಾರವನ್ನು ಕೈಯಲ್ಲಿ ಹಿಡಿದು ಗಟ್ಟಿಯನ್ನು ನೀರಿನೊಳಗೆ ಪೂರ್ತಿ ಇಳಿಬಿಡಿ. ತಳಕ್ಕೂ ಬದಿಗೂ ತಾಗಬಾರದು, ಮೈಗೆ ಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ತೋರಿಸುವ ಸಂಖ್ಯೆ ಗಟ್ಟಿಯ ಗಾತ್ರ. 100 ಗ್ರಾಮಿನ ಬೆಳ್ಳಿ ಗಟ್ಟಿಗೆ ಅದು 9.5ರ ಆಸುಪಾಸು ಬರಬೇಕು. ತಾಮ್ರವಾದರೆ 11.2 ಬರುತ್ತದೆ, ಸೀಸವಾದರೆ 8.8. ಬೇರೆ ತೂಕದ್ದಾದರೆ ಒಣ ತೂಕವನ್ನು ಈ ಸಂಖ್ಯೆಯಿಂದ ಭಾಗಿಸಿ, 10.3ರಿಂದ 10.6ರೊಳಗೆ ಬಂದರೆ ಸರಿ.

ಈ ಪರೀಕ್ಷೆಗೆ ಮಿತಿ ಇದೆ. ಹತ್ತು ಗ್ರಾಮಿನ ನಾಣ್ಯಕ್ಕೆ ಬೆಳ್ಳಿ ಮತ್ತು ತಾಮ್ರದ ನಡುವೆ ಬರುವ ವ್ಯತ್ಯಾಸ 0.16 ಮಾತ್ರ, ಅದಕ್ಕೆ 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. 999ಕ್ಕೂ 925ಕ್ಕೂ ಸಾಂದ್ರತೆಯಲ್ಲಿ ವ್ಯತ್ಯಾಸ ತೀರಾ ಸಣ್ಣದು. ಹಾಗಾಗಿ ನೀರು ನಕಲಿಯನ್ನು ಹಿಡಿಯುತ್ತದೆ, ಶುದ್ಧತೆಯ ಸಣ್ಣ ಮೋಸವನ್ನು ಹಿಡಿಯುವುದಿಲ್ಲ. ಸೀಸಕ್ಕೆ ಹಗುರ ಲೋಹ ಬೆರೆಸಿ ಸಾಂದ್ರತೆ ಸರಿಹೊಂದಿಸಿದ್ದರೂ ನೀರಿಗೆ ಗೊತ್ತಾಗುವುದಿಲ್ಲ. ಅಂಥದ್ದನ್ನು ಕಲ್ಲಿನ ಮೇಲೆ ಮೆಲ್ಲಗೆ ಬೀಳಿಸಿದರೆ ಮಂಕಾಗಿ ಸದ್ದಾಗುತ್ತದೆ. ಬೆಳ್ಳಿ ನಾಣ್ಯದ ನಾದ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಅಯಸ್ಕಾಂತಕ್ಕೆ ಬೆಳ್ಳಿ ಅಂಟುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ತಾಮ್ರವೂ ಸೀಸವೂ ಅಂಟುವುದಿಲ್ಲ, ಆದ್ದರಿಂದ ಅಷ್ಟರಿಂದಲೇ ನಿರ್ಧಾರ ಬೇಡ. ಹಳೆಯ ಸ್ಪೀಕರಿನದೋ ಹಾರ್ಡ್ ಡಿಸ್ಕಿನದೋ ಬಲವಾದ ಚಿಕ್ಕ ಅಯಸ್ಕಾಂತ ಇದ್ದರೆ, ಗಟ್ಟಿಯನ್ನು ಓರೆಯಾಗಿ ಹಿಡಿದು ಅದರ ಮೇಲೆ ಜಾರಬಿಡಿ. ಬೆಳ್ಳಿಯ ಮೇಲೆ ಅದು ತಡೆತಡೆದು ನಿಧಾನ ಇಳಿಯುತ್ತದೆ, ಸೀಸದ ಮೇಲೆ ಸರ್ರನೆ ಜಾರುತ್ತದೆ. ವಿದ್ಯುತ್ತು ಬೆಳ್ಳಿಯಲ್ಲಿ ಹರಿಯುವಷ್ಟು ಸಲೀಸಾಗಿ ಬೇರೆ ಯಾವ ಲೋಹದಲ್ಲೂ ಹರಿಯುವುದಿಲ್ಲ, ಅದರ ಪರಿಣಾಮ ಇದು. ನೀರಿನ ಪರೀಕ್ಷೆಯಲ್ಲಿ ತಾಮ್ರ ಸಿಕ್ಕಿಬೀಳುತ್ತದೆ, ಇದರಲ್ಲಿ ಸೀಸ.

ಅಂಗಡಿಯ ಕ್ಯಾರೆಟ್ ಮೀಟರ್ ಎಕ್ಸ್‌ರೇ ಬಿಟ್ಟು ಶೇಕಡಾವಾರು ಹೇಳುತ್ತದೆ, ಆದರೆ ಮೇಲ್ಮೈಯದು ಮಾತ್ರ. ದಪ್ಪ ಬೆಳ್ಳಿ ಲೇಪ ಕೊಟ್ಟ ನಕಲಿಗೆ ಅದು ಮೋಸಹೋಗಬಹುದು. ಮೀಟರ್ ಮತ್ತು ನೀರು ಎರಡೂ ಸರಿ ಎಂದರೆ ಆ ಗಟ್ಟಿಯನ್ನು ನಂಬಬಹುದು. ನೈಟ್ರಿಕ್ ಆಮ್ಲ ಹಚ್ಚುವುದನ್ನು ಮನೆಯಲ್ಲಿ ಮಾಡಬೇಡಿ. ಗಟ್ಟಿಗೂ ಕಲೆ, ಕೈಗೂ ಅಪಾಯ. ಮೊಹರು ಮಾಡಿದ ಕಾರ್ಡಿನಲ್ಲಿರುವುದನ್ನು ಬಿಚ್ಚದೆ ನೀರಿಗಿಳಿಸಲಾಗದು. ಬಿಚ್ಚಿದರೆ ಕೆಲವು ಅಂಗಡಿಗಳು ಬೆಲೆ ಇಳಿಸುತ್ತವೆ. ಹಾಗಾಗಿ ಮೊಹರಿನದನ್ನು ಹೆಸರಾಂತ ಸಂಸ್ಕರಣಾಗಾರದ ಅಧಿಕೃತ ಮಾರಾಟಗಾರರಲ್ಲೇ ಕೊಳ್ಳಿ.

ಬಿಲ್ಲು ಮತ್ತು ತೆರಿಗೆ

‘ಬಿಲ್ ಬೇಡ ಅಂದ್ರೆ ಶೇ 3 ಉಳಿಯುತ್ತೆ’ ಎಂಬ ಮಾತು ಕೇಳಿಬರುತ್ತದೆ. ಆ ಶೇ 3ರ ಜೊತೆ ನಿಮ್ಮ ಖರೀದಿ ಬೆಲೆಯ ದಾಖಲೆಯೂ, ನಕಲಿ ಬಂದರೆ ಕೇಳುವ ಹಕ್ಕೂ ಹೋಗುತ್ತದೆ. ಬಿಲ್ಲಿನಲ್ಲಿ ತೂಕ, ಶುದ್ಧತೆ, ಕ್ರಮಸಂಖ್ಯೆ, ಗ್ರಾಮಿನ ಧಾರಣೆ, ಮಜೂರಿ, ಜಿಎಸ್‌ಟಿ ಎಲ್ಲ ಬೇರೆ ಬೇರೆ ಬರೆಸಿ. ಎರಡು ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನದನ್ನು ಅಂಗಡಿಯವರು ನಗದಾಗಿ ಪಡೆಯುವಂತಿಲ್ಲ. ಎರಡು ಲಕ್ಷ ದಾಟಿದ ಖರೀದಿಗೆ ಪ್ಯಾನ್ ಕೊಡಬೇಕು.

ತೋಟದ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಆ ದುಡ್ಡಿನಲ್ಲಿ ಕೊಂಡ ಬೆಳ್ಳಿಯ ಲಾಭಕ್ಕೂ ಇಲ್ಲ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಬೆಳ್ಳಿ ಮಾರಿದ ಲಾಭ ಬಂಡವಾಳ ಲಾಭ. 24 ತಿಂಗಳಿಗಿಂತ ಹೆಚ್ಚು ಇಟ್ಟು ಮಾರಿದರೆ ಶೇ 12.5, ಅದಕ್ಕಿಂತ ಮೊದಲೇ ಮಾರಿದರೆ ನಿಮ್ಮ ಆದಾಯದ ಹಂತಕ್ಕೆ ತಕ್ಕ ದರ. ಅಜ್ಜ ಬಿಟ್ಟುಹೋದ ರೂಪಾಯಿಗಳಿಗೆ ಖರೀದಿ ಬೆಲೆ ಯಾರಿಗೂ ಗೊತ್ತಿರುವುದಿಲ್ಲ. ಅಂಥವಕ್ಕೆ 2001ರ ಏಪ್ರಿಲ್ 1ರಂದು ಇದ್ದ ಪೇಟೆ ಬೆಲೆಯನ್ನು ಅಸಲು ಎಂದು ಹಿಡಿಯಲು ಅವಕಾಶ ಇದೆ. ‘ಪೂಜೆಗೆ ಇಡುತ್ತಿದ್ದ ನಾಣ್ಯ, ಮನೆಬಳಕೆಯ ವಸ್ತು, ತೆರಿಗೆ ಬರುವುದಿಲ್ಲ’ ಎಂಬ ವಾದವೂ ನಿಲ್ಲುವುದಿಲ್ಲ. ರಾಜಸ್ಥಾನದ ಧೋಲ್ಪುರದ ಮಹಾರಾಜರು ಲಕ್ಷ್ಮೀಪೂಜೆಗೆ ಬಳಸುತ್ತಿದ್ದ ಚಿನ್ನದ ಸವರನ್ ನಾಣ್ಯ, ಬೆಳ್ಳಿ ನಾಣ್ಯ, ಗಟ್ಟಿಗಳನ್ನು ಮಾರಿದಾಗ ಇದೇ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1976ರಲ್ಲಿ ಬಿದ್ದುಹೋಯಿತು.

ಮಳೆಗಾಲದಲ್ಲಿ ಕಾಪಾಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರದ ಕಡೆ ಬೀರುವಿನ ಬಟ್ಟೆಗೇ ಬೂಷ್ಟು ಬರುತ್ತದೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ತೇವ ಅದನ್ನು ಬೇಗ ಮಾಡುತ್ತದೆ. ಕಪ್ಪಾದರೆ ಬೆಳ್ಳಿ ಹಾಳಾಯಿತೆಂದು ಹೆದರಬೇಡಿ. ಅದು ಮೇಲಿನ ತೀರಾ ತೆಳು ಪದರ. ಕರಗಿಸುವ ಲೆಕ್ಕಕ್ಕೆ ವ್ಯತ್ಯಾಸವೇ ಕಾಣುವುದಿಲ್ಲ.

ಆದರೂ ಒಂದೊಂದು ಗಟ್ಟಿಯನ್ನೂ ಬೇರೆ ಬೇರೆ ಪಾಲಿಥೀನ್ ಜಿಪ್ ಚೀಲದಲ್ಲಿ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆಗಿಡಿ. ಬೇಸಿಗೆಯ ಒಣ ದಿನದಲ್ಲಿ ಪ್ಯಾಕ್ ಮಾಡಿದರೆ ಒಳಗೆ ತೇವ ಸಿಕ್ಕಿಕೊಳ್ಳುವುದಿಲ್ಲ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ, ರಬ್ಬರಿನಲ್ಲಿ ಗಂಧಕ ಇರುತ್ತದೆ. ಪತ್ರಿಕೆಯ ಹಾಳೆ, ಉಣ್ಣೆಬಟ್ಟೆ, ಮೆದು ಪಿವಿಸಿ ಚೀಲಗಳೂ ಬೇಡ. ಸೌದೆ ಒಲೆಯ ಹೊಗೆ ತಾಗುವ ಅಟ್ಟ ಬೆಳ್ಳಿಗೆ ಒಳ್ಳೆಯ ಜಾಗವಲ್ಲ. ಪೂಜೆಗೆ ಇಡುವ ನಾಣ್ಯಗಳನ್ನೇ ಬೇರೆ ಮಾಡಿಬಿಡಿ. ಕುಂಕುಮ, ಪಂಚಾಮೃತ ತಾಗಿದ್ದು ಉಳಿತಾಯದ ಡಬ್ಬಿಗೆ ವಾಪಸ್ ಹೋಗಬಾರದು. ತೊಳೆಯಲೇಬೇಕಾದರೆ ಪಾತ್ರೆಯಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು ಮತ್ತು ಅಡುಗೆ ಸೋಡಾ ಹಾಕಿ, ಬೆಳ್ಳಿಯನ್ನು ಹಾಳೆಗೆ ತಾಗುವಂತೆ ಕೆಲವು ನಿಮಿಷ ಇಡಿ. ಕಪ್ಪು ತಾನೇ ಬಿಡುತ್ತದೆ, ಉಜ್ಜಿ ಸವೆಸಬೇಕಾಗಿಲ್ಲ.

ಬ್ಯಾಂಕ್ ಲಾಕರ್ ಒಳ್ಳೆಯದು, ಆದರೆ ಅದರ ಹೊಣೆಗೆ ಮಿತಿ ಇದೆ. ಬೆಂಕಿ, ಕಳವು, ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕು ಕೊಡಬೇಕಾದದ್ದು ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ. ಬಾಡಿಗೆ 2,000 ಆದರೆ ಎರಡು ಲಕ್ಷ. ಲಾಕರಿಗೆ ನಾಮಿನಿ ಹೆಸರು ಕೊಟ್ಟಿದ್ದೀರಾ ನೋಡಿ. ಕ್ರಮಸಂಖ್ಯೆಗಳ ಪಟ್ಟಿ, ಬಿಲ್ಲಿನ ಪ್ರತಿ ಬೆಳ್ಳಿಯ ಜೊತೆಗಲ್ಲದೆ ಬೇರೆ ಜಾಗದಲ್ಲಿರಲಿ, ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ.

ಹಣ ಬೇಕಾದ ದಿನ

ಮಾರುವ ಬದಲು ಅಡವಿಡೋಣ ಎಂದುಕೊಂಡವರು ಒಂದು ನಿಯಮ ತಿಳಿದಿರಬೇಕು. ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಬೆಳ್ಳಿ ಒಡವೆ ಮತ್ತು ನಾಣ್ಯಗಳ ಮೇಲೆ ಸಾಲ ಕೊಡಬಹುದು. ಒಬ್ಬರಿಗೆ ಒಡವೆ 10 ಕಿಲೋ, ನಾಣ್ಯ 500 ಗ್ರಾಂ ಮಿತಿ. ಗಟ್ಟಿಯ ಮೇಲೆ ಸಾಲ ಇಲ್ಲ. ಅಡವಿಡುವ ಸಂದರ್ಭ ಬರಬಹುದು ಎನ್ನುವವರು ಅರ್ಧ ಕಿಲೋ ಒಳಗಿನ ಪಾಲನ್ನು ನಾಣ್ಯದಲ್ಲೇ ಇಡುವುದಕ್ಕೆ ಇದೊಂದು ಕಾರಣ. ಯಾವ ನಾಣ್ಯ ತೆಗೆದುಕೊಳ್ಳುತ್ತಾರೆ ಎಂದು ನಿಮ್ಮ ಶಾಖೆಯಲ್ಲಿ ಮೊದಲೇ ವಿಚಾರಿಸಿ.

ಮಾರಲು ಹೋಗುವಾಗ ಮೊದಲು ಕೊಂಡ ಅಂಗಡಿಗೇ ಬಿಲ್ಲಿನೊಂದಿಗೆ ಹೋಗಿ. ಒಡವೆಗೆ ಬದಲಾಯಿಸಿಕೊಂಡರೆ ಒಂದು ಬೆಲೆ, ಹಣಕ್ಕೆ ಇನ್ನೊಂದು ಬೆಲೆ ಹೇಳುತ್ತಾರೆ. ಬದಲಿಗೆ ಒಪ್ಪಿದರೆ ಹೊಸ ಒಡವೆಯ ಮಜೂರಿ ನಿಮ್ಮ ತಲೆಗೆ ಬರುತ್ತದೆ, ಹಣವೇ ಕೇಳಿ. ‘ಕರಗಿಸಿ ನೋಡ್ತೇವೆ’ ಎಂದರೆ ಮೊದಲು ನಿಮ್ಮ ಎದುರೇ ತೂಗಿಸಿ ಬರೆಸಿಕೊಳ್ಳಿ, ಕರಗಿಸುವಲ್ಲಿ ನೀವೇ ನಿಲ್ಲಿ, ಕರಗಿದ ಮೇಲೆ ಮತ್ತೆ ತೂಗಿಸಿ. ಕರಗಿಸಿದ ಮೇಲೆ ಆ ಗಟ್ಟಿಯ ಮುದ್ರೆ, ಸಂಖ್ಯೆ ಎರಡೂ ಹೋಗುತ್ತವೆ, ಬೇರೆ ಅಂಗಡಿಗೆ ಒಯ್ದರೆ ಅದು ಬರೀ ಲೋಹದ ಮುದ್ದೆ. ಆದ್ದರಿಂದ ಬೆಲೆ, ಕಡಿತದ ಶೇಕಡಾ ಎರಡನ್ನೂ ಕುಲುಮೆಗೆ ಹಾಕುವ ಮೊದಲು ಚೀಟಿಯಲ್ಲಿ ಬರೆಸಿ. ಮುದ್ರೆಯಿರುವ, ಮೊಹರು ಒಡೆಯದ ಗಟ್ಟಿಗೆ ಕರಗಿಸುವ ಅಗತ್ಯವೇ ಇಲ್ಲ; ಮೀಟರ್ ಹಿಡಿದು ತೂಗಿದರೆ ಸಾಕು ಎಂದು ಹೇಳಿ ನೋಡಿ, ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಹಣವನ್ನು ಬ್ಯಾಂಕ್ ಖಾತೆಗೇ ಹಾಕಿಸಿ, ಮಾರಿದ ಚೀಟಿಯನ್ನು ಖರೀದಿ ಬಿಲ್ಲಿನ ಜೊತೆ ಪಿನ್ ಮಾಡಿ ಆ ವರ್ಷದ ತೆರಿಗೆ ಕಾಗದಗಳಲ್ಲಿಡಿ.